ಶಾಲೆಯ ಗೋಡೆ ಮೇಲಿನ ಮಾತು ಯಾರಿಗೆ ಬರೆದದ್ದು?

ಪುಣೆಯ ಸೇನಾಪತಿ ಬಾಪಟ್ ರಸ್ತೆಯಲ್ಲಿ ‘ಬಾಲಭಾರತಿ’ಯ ಕಚೇರಿ ಇದೆ. ಮಹಾರಾಷ್ಟ್ರದ ಶಾಲಾ ಪಠ್ಯಪುಸ್ತಕಗಳು ರೂಪ ಪಡೆಯುವುದು ಇಲ್ಲಿಯೇ. 1967ರ ಜನವರಿ 27ರಂದು ಆರಂಭವಾದ ಈ ಸಂಸ್ಥೆ ಮರಾಠಿ, ಹಿಂದಿ, ಉರ್ದು, ಗುಜರಾತಿ, ಇಂಗ್ಲಿಷ್ ಪುಸ್ತಕಗಳ ಜೊತೆಗೆ ಕನ್ನಡದಲ್ಲೂ ಪುಸ್ತಕ ತರುತ್ತದೆ ಎಂಬುದು ಕರ್ನಾಟಕದ ಹೆಚ್ಚಿನವರಿಗೆ ತಿಳಿದಿಲ್ಲ. ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ, ಸಾಂಗಲಿ ಜಿಲ್ಲೆಯ ಜತ್ತದ ಕಡೆಯ ಕನ್ನಡ ಮಾಧ್ಯಮದ ಮಗು ಜೂನ್ ತಿಂಗಳಲ್ಲಿ ಚೀಲಕ್ಕೆ ತುಂಬಿಕೊಳ್ಳುವ ಪುಸ್ತಕದ ಮೇಲೆ ಇರುವುದು ಪುಣೆಯ ವಿಳಾಸ.

ಆ ಪುಸ್ತಕವನ್ನು ಪಾಠ ಶುರುವಾಗುವ ಮೊದಲಿನ ಪುಟಗಳಿಂದಲೇ ನೋಡಬೇಕು. ರಟ್ಟು ಮಗುಚಿದ ಕೂಡಲೇ ಒಳಬದಿಯಲ್ಲಿ ಸಂವಿಧಾನದ 51-ಎ ವಿಧಿ, ಅಂದರೆ ನಾಗರಿಕರ ಮೂಲಭೂತ ಕರ್ತವ್ಯಗಳು. ಸಂವಿಧಾನವನ್ನು ಪಾಲಿಸಬೇಕು, ರಾಷ್ಟ್ರಧ್ವಜವನ್ನೂ ರಾಷ್ಟ್ರಗೀತೆಯನ್ನೂ ಗೌರವಿಸಬೇಕು, ಸಾರ್ವಜನಿಕ ಆಸ್ತಿ ಕಾಪಾಡಬೇಕು ಎಂದು ಪಟ್ಟಿ ಸಾಗುತ್ತದೆ. ಅದರ ಬಳಿಕ ಸಂವಿಧಾನದ ಪೀಠಿಕೆ. ಆಮೇಲೆ ರಾಷ್ಟ್ರಗೀತೆ, ಅದರ ಕೆಳಗೆ ಪ್ರತಿಜ್ಞೆ. ವರ್ಷಗಳಿಂದ ನಡೆದು ಬಂದ ರೂಢಿ ಇದು. ಯಾವ ಮಾಧ್ಯಮದ ಪುಸ್ತಕ ತೆಗೆದರೂ ಈ ಸಾಲಿನಲ್ಲಿ ಹೆಚ್ಚಿನ ವ್ಯತ್ಯಾಸ ಕಾಣುವುದಿಲ್ಲ.

ಒಂದು ಪುಟ ಮಾತ್ರ ಈ ಸಾಲಿನಲ್ಲಿ ಇಲ್ಲ. ಮಗುವಿನ ಹಕ್ಕುಗಳ ಪುಟ. ಅದಕ್ಕಾಗಿ ಏಳನೆಯ ತರಗತಿಯ ನಾಗರಿಕಶಾಸ್ತ್ರದವರೆಗೆ ಕಾಯಬೇಕು. ದೇಶಕ್ಕೆ ತಾನು ಏನು ಕೊಡಬೇಕು ಎಂಬುದು ಓದು ಬಾರದ ವಯಸ್ಸಿನಲ್ಲೇ ಕೈಗೆ ಸಿಗುತ್ತದೆ. ದೇಶ ತನಗೆ ಏನು ಕೊಡಬೇಕು ಎಂಬುದು ಪ್ರಾಥಮಿಕ ಶಾಲೆ ಮುಗಿಯುವ ಹೊತ್ತಿಗೆ, ಪರೀಕ್ಷೆಯ ಪ್ರಶ್ನೆಯಾಗಿ ಸಿಗುತ್ತದೆ. ಶಾಲೆ ಕಾಲೇಜುಗಳಲ್ಲಿ ರಾಷ್ಟ್ರದ ಧ್ಯೇಯವಾಕ್ಯ ತೂಗುಹಾಕಬೇಕೇ, ಪೀಠಿಕೆ ಓದಿಸಬೇಕೇ ಎಂಬ ಚರ್ಚೆ ಎದ್ದಾಗಲೆಲ್ಲ ಈ ಪುಟಗಳ ಸಾಲು ನೆನಪಿನಲ್ಲಿರಬೇಕು. ಯಾವ ವಾಕ್ಯ ಬರೆಯಬೇಕು ಎಂಬ ಜಗಳದಲ್ಲಿ ಅದನ್ನು ಯಾರಿಗಾಗಿ ಬರೆಯುತ್ತಿದ್ದೇವೆ ಎಂಬುದನ್ನೇ ಎಲ್ಲರೂ ಮರೆಯುತ್ತಾರೆ.

ಧ್ಯೇಯವಾಕ್ಯಗಳ ಊರು ಹುಡುಕಿ ಹೊರಟವರಿಗೆ ಪುಣೆಗಿಂತ ಒಳ್ಳೆಯ ಜಾಗ ಸಿಗಲಾರದು. 1949ರಲ್ಲಿ ಎಂ.ಆರ್. ಜಯಕರ್ ಮೊದಲ ಕುಲಪತಿಯಾಗಿ ಕಟ್ಟಿದ, 2014ರಿಂದ ಸಾವಿತ್ರಿಬಾಯಿ ಫುಲೆ ಅವರ ಹೆಸರು ಹೊತ್ತಿರುವ ವಿಶ್ವವಿದ್ಯಾಲಯದ ಲಾಂಛನದಲ್ಲಿ ‘ಯಃ ಕ್ರಿಯಾವಾನ್ ಸ ಪಂಡಿತಃ’ ಎಂದಿದೆ. ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನದು ‘ಸರ್ವೇ ಸಂತು ನಿರಾಮಯಾಃ’. ಖಡಕವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯದು ‘ಸೇವಾ ಪರಮೋ ಧರ್ಮಃ’. ಸಿಂಬಯೋಸಿಸ್ ‘ವಸುಧೈವ ಕುಟುಂಬಕಮ್’ ಅನ್ನುತ್ತದೆ. ಇಷ್ಟು ದೊಡ್ಡ ಮಾತುಗಳ ನಡುವೆ, ಸಾಮಾನ್ಯ ಮರಾಠಿ ಶಾಲೆಯ ಕರಿಹಲಗೆಯ ಮೂಲೆಯಲ್ಲೂ ದಿನಕ್ಕೊಂದು ‘ಸುವಿಚಾರ’ ಇರುತ್ತದೆ. ತಾರೀಖು, ಒಟ್ಟು ಮಕ್ಕಳೆಷ್ಟು, ಹಾಜರಿ ಎಷ್ಟು ಎಂದು ಬರೆದು, ಪಕ್ಕದಲ್ಲಿ ಸುಣ್ಣದ ಕಡ್ಡಿಯಿಂದ ಒಂದು ಒಳ್ಳೆಯ ಸಾಲು. ಕರ್ನಾಟಕದ ಶಾಲೆಗಳಲ್ಲಿ ಅದೇ ಜಾಗದಲ್ಲಿ ನುಡಿಮುತ್ತು. ಮರುದಿನ ಒರೆಸಿ ಹೊಸದು. ಅದನ್ನು ಬರೆಯುವ ಸರದಿ ಮಕ್ಕಳದ್ದೇ ಆಗಿದ್ದರೆ ಅದರಲ್ಲಿ ಜೀವ ಇರುತ್ತದೆ. ಹುಡುಗಿಯೊಬ್ಬಳು ಹಿಂದಿನ ರಾತ್ರಿ ಹುಡುಕಿ, ಆರಿಸಿ ತಂದ ಮಾತು ಅದು. ಆಯಿಲ್ ಪೇಂಟಿನಲ್ಲಿ ಬರೆದ ಶಾಶ್ವತ ವಾಕ್ಯಕ್ಕೆ ಆ ಭಾಗ್ಯವಿಲ್ಲ. ಒಂದು ವಾರದ ಮೇಲೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಭಾರತದ ಅಧಿಕೃತ ಧ್ಯೇಯವಾಕ್ಯ ‘ಸತ್ಯಮೇವ ಜಯತೇ’. ಮುಂಡಕೋಪನಿಷತ್ತಿನಿಂದ ಬಂದ ಈ ಮಾತು 1950ರ ಜನವರಿ 26ರಂದು ಸಾರನಾಥದ ಸಿಂಹಗಳ ಕೆಳಗೆ ನೆಲೆ ಕಂಡಿತು. ಅದು ಲಾಂಛನದ ಬೇರ್ಪಡಿಸಲಾಗದ ಭಾಗ. ಆ ಸಾಲಿಲ್ಲದ ಲಾಂಛನ ಅಪೂರ್ಣ ಎಂದೇ ನಿಯಮ. ಆ ಲಾಂಛನವನ್ನೋ ಸಿಕ್ಕ ಸಿಕ್ಕಲ್ಲಿ ಹಾಕುವಂತಿಲ್ಲ. 2005ರಲ್ಲಿ ಬಂದ ಕಾಯ್ದೆ ಅದರ ಬಳಕೆಗೆ ಬಿಗಿ ಕಟ್ಟು ಹಾಕಿದೆ. ಖಾಸಗಿ ಸಂಸ್ಥೆ ತನ್ನ ಇಷ್ಟದಂತೆ ಫಲಕಕ್ಕೋ ಲೆಟರ್‌ಹೆಡ್ಡಿಗೋ ಅದನ್ನು ಬಳಸುವಂತಿಲ್ಲ. ಹಾಗಾಗಿ ಈ ದೇಶದ ತರಗತಿಗಳಲ್ಲಿ ಧ್ಯೇಯವಾಕ್ಯದ ಜಾಗವನ್ನು ನಿಧಾನವಾಗಿ ತುಂಬಿದ್ದು ಸಂವಿಧಾನದ ಪೀಠಿಕೆ. ಇದು ಒಳ್ಳೆಯದೇ ಆಯಿತು. ಅದೇಕೆ ಒಳ್ಳೆಯದಾಯಿತು ಎಂಬುದನ್ನು ನೋಡುವ ಮೊದಲು ಬೇರೆ ದೇಶಗಳಲ್ಲಿ ಏನಾಯಿತು ಎಂದು ಗಮನಿಸಬೇಕು.

ಅಮೆರಿಕ 1956ರಲ್ಲಿ, ಸೋವಿಯತ್ ಒಕ್ಕೂಟದ ಜೊತೆಗಿನ ಶೀತಲ ಸಮರದ ಕಾವಿನಲ್ಲಿ, ದೇವರಲ್ಲಿ ನಮ್ಮ ನಂಬಿಕೆ ಎಂಬರ್ಥದ ವಾಕ್ಯವನ್ನು ರಾಷ್ಟ್ರದ ಧ್ಯೇಯವಾಕ್ಯ ಮಾಡಿಕೊಂಡಿತು. ಕಳೆದ ಕೆಲವು ವರ್ಷಗಳಲ್ಲಿ ಅಲ್ಲಿನ ಹಲವು ರಾಜ್ಯಗಳು ಅದನ್ನು ಸರ್ಕಾರಿ ಶಾಲೆಗಳಿಗೆ ತಂದಿವೆ. ಟೆಕ್ಸಾಸ್ 2021ರಲ್ಲಿ ಮಾಡಿದ ಕಾನೂನಿನ ಪ್ರಕಾರ, ಯಾರಾದರೂ ಆ ವಾಕ್ಯದ ಭಿತ್ತಿಪತ್ರ ದಾನ ಕೊಟ್ಟರೆ ಶಾಲೆ ಅದನ್ನು ಎದ್ದು ಕಾಣುವ ಜಾಗದಲ್ಲಿ ಹಾಕಲೇಬೇಕು. ಮರುವರ್ಷ ಸೌತ್‌ಲೇಕ್ ಎಂಬ ಊರಿನಲ್ಲಿ ಒಬ್ಬರು ಅದೇ ವಾಕ್ಯವನ್ನು ಅರಬಿ ಭಾಷೆಯಲ್ಲಿ ಬರೆಸಿ, ಇನ್ನೊಂದನ್ನು ಕಾಮನಬಿಲ್ಲಿನ ಬಣ್ಣದಲ್ಲಿ ಬರೆಸಿ ತಂದುಕೊಟ್ಟರು. ಶಾಲಾ ಮಂಡಳಿ ತನ್ನ ಸಂಜೆಯ ಸಭೆಯಲ್ಲಿ ಅವನ್ನು ತೆಗೆದುಕೊಳ್ಳಲಿಲ್ಲ. ವಾಕ್ಯ ಅದೇ, ದೇಶ ಅದೇ, ಕಾನೂನೂ ಅದೇ; ಯಾರ ಕೈಯಿಂದ, ಯಾವ ಲಿಪಿಯಲ್ಲಿ ಬಂತು ಎಂಬುದಷ್ಟೇ ಬೇರೆ. ಎಲ್ಲರದ್ದು ಎಂದು ತೂಗುಹಾಕಿದ ಮಾತು ನಿಜಕ್ಕೂ ಯಾರದ್ದಾಗಿತ್ತು ಎಂಬುದು ಆ ಸಂಜೆಯ ಸಭೆಯಲ್ಲಿ ಬಯಲಾಯಿತು.

ಫ್ರಾನ್ಸಿನದು ಇನ್ನೊಂದು ಕಥೆ. ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವ ಎಂಬ ಅಲ್ಲಿನ ಧ್ಯೇಯವಾಕ್ಯವನ್ನು 2013ರ ಕಾನೂನು ಶಾಲೆಯ ಮುಂಭಾಗದಲ್ಲಿ ಕಡ್ಡಾಯ ಮಾಡಿತು. 2019ರ ಕಾನೂನು ಅದನ್ನು ಧ್ವಜದ ಜೊತೆಗೆ ತರಗತಿಯ ಒಳಗೂ ತಂದಿತು. ಫ್ರಾನ್ಸಿನ ವಾಕ್ಯದಲ್ಲಿ ದೇವರಿಲ್ಲ, ಯಾವ ಪಂಥವೂ ಇಲ್ಲ, ಆಕ್ಷೇಪಿಸುವುದು ಕಷ್ಟ. ಆದರೂ ಅಲ್ಲಿನ ಶಿಕ್ಷಕರ ಪೈಕಿ ಅನೇಕರು ತಕರಾರು ತೆಗೆದರು. ಸಮಾನತೆಯ ಪಟ ಕಳುಹಿಸುವ ಬದಲು ಬಡ ಬಡಾವಣೆಯ ಶಾಲೆಗೆ ಶಿಕ್ಷಕರನ್ನು ಕಳುಹಿಸಿ ಎಂಬುದು ಅವರ ಮಾತಿನ ಸಾರ.

ಮಹಾರಾಷ್ಟ್ರ ಪೀಠಿಕೆಯ ಓದಿಗೆ ಆದೇಶ ಹೊರಡಿಸಿದ್ದು 2013ರಲ್ಲಿ. ಅದು ಕಡತದಲ್ಲೇ ಉಳಿಯಿತು. 2020ರ ಜನವರಿಯಲ್ಲಿ ಅಂದಿನ ಶಾಲಾ ಶಿಕ್ಷಣ ಸಚಿವೆ ವರ್ಷಾ ಗಾಯಕ್ವಾಡ್, ಆ ಗಣರಾಜ್ಯೋತ್ಸವದಿಂದ ಎಲ್ಲ ಶಾಲೆಗಳಲ್ಲಿ ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಪೀಠಿಕೆ ಓದಿಸಬೇಕೆಂದು ಸಾರಿದರು. ಪೌರತ್ವ ತಿದ್ದುಪಡಿ ಕಾಯ್ದೆಯ ವಿರುದ್ಧ ಬೀದಿಗಿಳಿದವರು ಪೀಠಿಕೆಯನ್ನು ಕೈಯಲ್ಲಿ ಹಿಡಿದು ಓದುತ್ತಿದ್ದ ದಿನಗಳವು. ಹಾಗಾಗಿ ಆದೇಶಕ್ಕೆ ರಾಜಕೀಯದ ಬಣ್ಣ ಹತ್ತಿತು. ಎರಡು ತಿಂಗಳಲ್ಲಿ ಕೊರೊನಾ ಬಂದು ಶಾಲೆಗಳೇ ಮುಚ್ಚಿದವು.

ಕರ್ನಾಟಕದ ಸರದಿ 2023ರದ್ದು. ಆ ವರ್ಷದ ಜೂನ್‌ನಲ್ಲಿ ಸಿದ್ದರಾಮಯ್ಯ ಅವರ ಸಂಪುಟ ಶಾಲೆ, ಕಾಲೇಜುಗಳಲ್ಲಿ ನಿತ್ಯ ಪೀಠಿಕೆ ಓದಿಸಲು, ಸರ್ಕಾರಿ ಕಚೇರಿಗಳಲ್ಲಿ ಅದರ ಪಟ ಹಾಕಲು ತೀರ್ಮಾನಿಸಿತು. ಸೆಪ್ಟೆಂಬರ್ 15ರಂದು, ಅಂತರರಾಷ್ಟ್ರೀಯ ಪ್ರಜಾಪ್ರಭುತ್ವ ದಿನದಂದು, ವಿಧಾನಸೌಧದ ಎದುರು ಸಾಮೂಹಿಕ ಓದು ನಡೆಯಿತು. ಮರುವರ್ಷ ಅದೇ ದಿನ ಬೀದರಿನಿಂದ ಚಾಮರಾಜನಗರದವರೆಗೆ ಸುಮಾರು 2,500 ಕಿಲೋಮೀಟರ್ ಉದ್ದದ ಮಾನವ ಸರಪಳಿ. ದೊಡ್ಡ ಕೆಲಸವೇ. ಹೆದ್ದಾರಿಯ ಅಂಚಿನಲ್ಲಿ ಕೈ ಕೈ ಹಿಡಿದು ನಿಂತ ಸಾವಿರಾರು ಶಾಲಾ ಮಕ್ಕಳಿಗೆ ಆ ದಿನ ನೆನಪಿನಲ್ಲಿ ಉಳಿದಿರಬಹುದು. ಅವರು ಓದಿದ ಮಾತು ಅವರ ಶಾಲೆಯ ಒಳಗೆ ಏನನ್ನಾದರೂ ಬದಲಿಸಿತೇ ಎಂಬ ಪ್ರಶ್ನೆಗೆ ಸರಪಳಿಯ ಉದ್ದ ಉತ್ತರವಾಗದು.

ಇವೆರಡರ ನಡುವೆ, 2024ರ ಫೆಬ್ರುವರಿಯಲ್ಲಿ, ಕನ್ನಡಿಗರ ಗಮನವನ್ನೆಲ್ಲ ಸೆಳೆದ ಜಗಳವೊಂದು ನಡೆಯಿತು. ಸಮಾಜ ಕಲ್ಯಾಣ ಇಲಾಖೆಯ ವಸತಿ ಶಾಲೆಗಳ ಬಾಗಿಲಲ್ಲಿ, ಜ್ಞಾನದ ದೇಗುಲಕ್ಕೆ ಕೈಮುಗಿದು ಒಳಗೆ ಬರುವಂತೆ ಹೇಳುವ ಸಾಲು ಬಹುಕಾಲದಿಂದ ಇತ್ತು. ಕೆಲವು ಮೊರಾರ್ಜಿ ದೇಸಾಯಿ ಶಾಲೆಗಳಲ್ಲಿ ಅದರ ಉತ್ತರಾರ್ಧ ಬದಲಾಗಿ, ಧೈರ್ಯವಾಗಿ ಪ್ರಶ್ನಿಸುವಂತೆ ಹೇಳುವ ಸಾಲು ಬಂತು. ಹಳೆಯ ಸಾಲು ಕುವೆಂಪು ಅವರದೆಂದು ಹೇಳಿ, ವಿರೋಧ ಪಕ್ಷ ಇದನ್ನು ಅವರಿಗೆ ಮಾಡಿದ ಅವಮಾನ ಎಂದಿತು. ಸರ್ಕಾರದ ಕಡೆಯವರು ವೈಚಾರಿಕತೆಯ ಹೆಸರಿನಲ್ಲಿ ಸಮರ್ಥಿಸಿಕೊಂಡರು. ವಿಧಾನಸಭೆಯಲ್ಲೂ ಮಾತಿಗೆ ಮಾತು ಬೆಳೆಯಿತು. ಟಿವಿಗಳಲ್ಲಿ ದಿನಗಟ್ಟಲೆ ಚರ್ಚೆ.

ಎರಡೂ ಕಡೆಯವರು ಒಂದು ವಿಷಯದಲ್ಲಿ ಒಂದೇ ಆಗಿದ್ದರು. ಬಾಗಿಲಿನ ಮೇಲಿನ ಸಾಲು ಮಗುವಿಗೆ ಕೊಟ್ಟ ಅಪ್ಪಣೆ ಎಂದೇ ಇಬ್ಬರೂ ನಂಬಿದ್ದರು. ಕೈಮುಗಿ ಎನ್ನುವುದೂ ಅಪ್ಪಣೆ, ಪ್ರಶ್ನಿಸು ಎನ್ನುವುದೂ ಅಪ್ಪಣೆ. ಪ್ರಶ್ನೆ ಕೇಳಿದ ಮಗುವಿಗೆ ಉತ್ತರ ಕೊಡುವ ಹೊಣೆ ಯಾರದು? ವಸತಿ ಶಾಲೆಯ ಹುಡುಗಿ ಧೈರ್ಯ ಮಾಡಿ, ಸ್ನಾನದ ಮನೆಗೆ ಚಿಲಕ ಏಕಿಲ್ಲ, ಗಣಿತದ ಮೇಷ್ಟ್ರು ಯಾವಾಗ ಬರುತ್ತಾರೆ ಎಂದು ಕೇಳಿದರೆ ಎಷ್ಟು ದಿನದೊಳಗೆ ಯಾರು ಉತ್ತರಿಸಬೇಕು? ಆ ಸಾಲನ್ನು ಹೊರಡಿಸಿದವರೂ ವಿರೋಧಿಸಿದವರೂ ಇದನ್ನು ಚರ್ಚೆಗೆ ತರಲಿಲ್ಲ. ಪ್ರಶ್ನಿಸಲು ಹೇಳುವ ಫಲಕ ಒಳ್ಳೆಯದೆಂದೇ ಈ ಲೇಖನದ ನಿಲುವು. ಆದರೆ ಅದರ ಕೆಳಗೆ ಉತ್ತರ ಕೊಡಬೇಕಾದ ಅಧಿಕಾರಿಯ ಹುದ್ದೆಯೂ ದೂರವಾಣಿ ಸಂಖ್ಯೆಯೂ ಇರಬೇಕಿತ್ತು.

ಇದಕ್ಕೆ ತೀರ ಬೇರೆಯಾದ ಒಂದು ಫಲಕ ಕನ್ನಡನಾಡಿನಲ್ಲೇ ಇದೆ. ಕೆಂಗಲ್ ಹನುಮಂತಯ್ಯನವರ ಕಾಲದಲ್ಲಿ ಎದ್ದು 1956ರಲ್ಲಿ ಪೂರ್ಣಗೊಂಡ ವಿಧಾನಸೌಧದ ನೆತ್ತಿಯ ಮೇಲೆ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ಕೆತ್ತಿದೆ. ಆ ಮಾತನ್ನು ಲೇವಡಿ ಮಾಡುವುದು ಸುಲಭ, ಲಂಚದ ಸುದ್ದಿ ಬಂದಾಗಲೆಲ್ಲ ಜನ ಮಾಡುತ್ತಲೂ ಬಂದಿದ್ದಾರೆ. ಆದರೆ ಹಾಗೆ ಲೇವಡಿ ಮಾಡಲು ಸಾಧ್ಯವಾಗುವುದೇ ಅದರ ಹಿರಿಮೆ. ಅದು ಮೆಟ್ಟಿಲು ಹತ್ತಿ ಬರುವ ರೈತನಿಗೆ ಬರೆದದ್ದಲ್ಲ, ಒಳಗೆ ಕುಳಿತವರಿಗೆ ಬರೆದದ್ದು. ಹೊರಗೆ ನಿಂತವನು ಅದನ್ನು ಬೆರಳು ಮಾಡಿ ತೋರಿಸಿ ಕೇಳಬಹುದು. ಎಪ್ಪತ್ತು ವರ್ಷಗಳಿಂದ ಜನ ಕೇಳುತ್ತಿದ್ದಾರೆ.

ಪೀಠಿಕೆಯೂ ಆ ಜಾತಿಯದೇ. ನ್ಯಾಯ, ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವ ಎಂಬ ನಾಲ್ಕನ್ನು ಎಲ್ಲ ನಾಗರಿಕರಿಗೂ ದೊರಕಿಸಿಕೊಡುವುದಾಗಿ ಅದು ಹೇಳುತ್ತದೆ. ಮಗು ಅದಕ್ಕೆ ಏನನ್ನೂ ಪ್ರಮಾಣ ಮಾಡಿಕೊಡಬೇಕಿಲ್ಲ. ದೇಶವೇ ಮಗುವಿಗೆ ಮಾತು ಕೊಟ್ಟಿದೆ. ಪ್ರತಿಜ್ಞೆಗೂ ಇದಕ್ಕೂ ಇರುವ ಅಂತರ ಅಲ್ಲಿದೆ. ಅಂದಿನ ಆಂಧ್ರಪ್ರದೇಶದ ಪೈಡಿಮರ್ರಿ ವೆಂಕಟ ಸುಬ್ಬರಾವ್ 1962ರಲ್ಲಿ, ಚೀನಾ ಯುದ್ಧದ ವರ್ಷದಲ್ಲಿ, ತೆಲುಗಿನಲ್ಲಿ ಬರೆದ ಪ್ರತಿಜ್ಞೆ ಮಗುವಿನ ಬಾಯಲ್ಲಿ ಮಗುವಿನ ಹೊಣೆ ಹೇಳಿಸುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ, ಸುಂದರವಾದ ಬರಹವದು. ಆದರೆ ಪೀಠಿಕೆಯನ್ನೂ ಪ್ರತಿಜ್ಞೆಯ ಧಾಟಿಯಲ್ಲೇ, ಕೈ ಮುಂದೆ ಚಾಚಿ, ಒಬ್ಬ ಹೇಳಿದ್ದನ್ನು ಉಳಿದವರೆಲ್ಲ ಕೂಗಿ ಹೇಳುವಂತೆ ಮಾಡಿದಾಗ ಎರಡರ ಅಂತರ ಅಳಿಸಿಹೋಗುತ್ತದೆ. ದೇಶ ಮಗುವಿಗೆ ಕೊಟ್ಟ ಮಾತು ಮಗು ದೇಶಕ್ಕೆ ಕಟ್ಟಬೇಕಾದ ಕಂತಾಗಿಬಿಡುತ್ತದೆ.

ಪಠ್ಯಪುಸ್ತಕದ ರಟ್ಟಿನ ಒಳಬದಿಯಲ್ಲಿರುವ ಕರ್ತವ್ಯಗಳಿಗೂ ಒಂದು ಚರಿತ್ರೆ ಇದೆ. ಅವು 1950ರ ಸಂವಿಧಾನದಲ್ಲಿ ಇರಲಿಲ್ಲ. ಸ್ವರಣ್ ಸಿಂಗ್ ಸಮಿತಿಯ ಶಿಫಾರಸಿನ ಮೇಲೆ, 1976ರಲ್ಲಿ, ತುರ್ತು ಪರಿಸ್ಥಿತಿಯ ನಡುವೆ ಬಂದ 42ನೆಯ ತಿದ್ದುಪಡಿಯಲ್ಲಿ ಸೇರಿದವು. ಹಕ್ಕುಗಳು ಅಮಾನತಿನಲ್ಲಿದ್ದ ಹೊತ್ತಿನಲ್ಲಿ ಕರ್ತವ್ಯಗಳ ಪಟ್ಟಿ ಹುಟ್ಟಿತು. ಆಗ ಹತ್ತಿದ್ದವು. 2002ರ 86ನೆಯ ತಿದ್ದುಪಡಿ ಹನ್ನೊಂದನೆಯದನ್ನು ಸೇರಿಸಿತು: ಆರರಿಂದ ಹದಿನಾಲ್ಕರ ಮಕ್ಕಳಿಗೆ ಶಿಕ್ಷಣ ಕೊಡಿಸುವುದು ತಂದೆ ತಾಯಿಯ ಕರ್ತವ್ಯ. ಅದೇ ತಿದ್ದುಪಡಿ 21-ಎ ವಿಧಿಯನ್ನೂ ಸೇರಿಸಿತು: ಅದೇ ವಯಸ್ಸಿನ ಮಕ್ಕಳಿಗೆ ಉಚಿತ, ಕಡ್ಡಾಯ ಶಿಕ್ಷಣ ಒದಗಿಸುವುದು ಸರ್ಕಾರದ ಹೊಣೆ. ಒಂದೇ ದಿನ, ಒಂದೇ ಮಸೂದೆಯಲ್ಲಿ ಹುಟ್ಟಿದ ಜೋಡಿ ಇವು. ಅಪ್ಪ ಅಮ್ಮನ ಪಾಲಿನದು ರಟ್ಟಿನ ಒಳಬದಿಯಲ್ಲಿದೆ. ಸರ್ಕಾರದ ಪಾಲಿನದು ಅಲ್ಲಿಲ್ಲ.

ಪುಣೆಯಲ್ಲಿ ಪೀಠಿಕೆಯ ಮಾತಾಡುವಾಗ ಎರಡು ಸಂಗತಿಗಳನ್ನು ಬಿಡಲಾಗದು. ಮೊದಲನೆಯದು ಚಿಕ್ಕದು, ಆದರೆ ಈ ಊರು ಹೆಮ್ಮೆಪಡುವಂಥದ್ದು. ಸಂವಿಧಾನದ ಇಂಗ್ಲಿಷ್ ಪ್ರತಿಯನ್ನು ಪ್ರೇಮ್ ಬಿಹಾರಿ ನಾರಾಯಣ್ ರಾಯ್‌ಜಾದಾ ಕೈಬರಹದಲ್ಲಿ ಬರೆದರು. ನಂದಲಾಲ್ ಬೋಸ್ ಅವರ ಶಿಷ್ಯ ಬ್ಯೋಹಾರ್ ರಾಮಮನೋಹರ ಸಿನ್ಹಾ ಪೀಠಿಕೆಯ ಪುಟವನ್ನು ಅಲಂಕರಿಸಿದರು. ಇಂದು ಕಚೇರಿಗಳಲ್ಲಿ ಚೌಕಟ್ಟು ಹಾಕಿ ತೂಗುಬಿಡುವ ಪಟ ಹೆಚ್ಚಾಗಿ ಆ ಪುಟದ್ದೇ. ವಸಂತ ಕೃಷ್ಣ ವೈದ್ಯರು ಕೈಬರಹದಲ್ಲಿ ಸಿದ್ಧಪಡಿಸಿದ ಹಿಂದಿ ಪ್ರತಿಗೆ ಕಾಗದ ಹೋದದ್ದು ಪುಣೆಯ ಕೈಕಾಗದ ಸಂಶೋಧನಾ ಕೇಂದ್ರದಿಂದ.

ಎರಡನೆಯದು ದೊಡ್ಡದು. 1848ರಲ್ಲಿ ಜೋತಿಬಾ ಮತ್ತು ಸಾವಿತ್ರಿಬಾಯಿ ಫುಲೆ ಇಲ್ಲಿನ ಭಿಡೆ ವಾಡೆಯಲ್ಲಿ ಹೆಣ್ಣುಮಕ್ಕಳಿಗೆ ಶಾಲೆ ತೆರೆದರು. ಶಾಲೆಗೆ ಹೋಗುವ ಸಾವಿತ್ರಿಬಾಯಿಯ ಮೇಲೆ ಜನ ಸೆಗಣಿ, ಕಲ್ಲು ಎಸೆದರು. ಮುಂದೆ ಅವರು ದಲಿತ ಮಕ್ಕಳಿಗೂ ಶಾಲೆ ತೆರೆದರು. ಹಾಗೆ ಕಲಿತ ಮಾಂಗ ಸಮುದಾಯದ ಮುಕ್ತಾ ಸಾಳ್ವೆ ಎಂಬ ಹುಡುಗಿ 1855ರಲ್ಲಿ ಬರೆದ ಪ್ರಬಂಧವನ್ನು ‘ಜ್ಞಾನೋದಯ’ ಪತ್ರಿಕೆ ಅಚ್ಚು ಹಾಕಿತು. ಮಾಂಗ, ಮಹಾರರ ದುಃಖದ ಬಗ್ಗೆ ಬರೆದ ಆ ಹುಡುಗಿ, ವೇದ ಓದುವ ಅಧಿಕಾರವೇ ತಮ್ಮವರಿಗೆ ಇಲ್ಲವಾದರೆ ತಮ್ಮ ಧರ್ಮ ಯಾವುದೆಂದು ನೇರವಾಗಿ ಕೇಳಿದಳು. ಪೇಶ್ವೆಯರ ಕಾಲದಲ್ಲಿ ತನ್ನ ಜನರಿಗೆ ಆದ ಹಿಂಸೆಯನ್ನು ಹೆಸರಿಟ್ಟು ಬರೆದಳು. ಪೀಠಿಕೆ ಹುಟ್ಟಲು ಇನ್ನೂ ತೊಂಬತ್ತನಾಲ್ಕು ವರ್ಷಗಳಿದ್ದವು. ಧೈರ್ಯವಾಗಿ ಪ್ರಶ್ನಿಸುವಂತೆ ಅವಳಿಗೆ ಯಾವ ಫಲಕವೂ ಹೇಳಿರಲಿಲ್ಲ. ಅವಳಿಗೆ ಅಕ್ಷರ ಕೊಟ್ಟ ಇಬ್ಬರು, ಬರೆದದ್ದನ್ನು ಕೇಳಿಸಿಕೊಳ್ಳುವ ಒಂದು ಶಾಲೆ, ಅಚ್ಚು ಹಾಕುವ ಒಂದು ಪತ್ರಿಕೆ ಇತ್ತು. ಭಿಡೆ ವಾಡೆ ಶಿಥಿಲವಾಗಿ, ವರ್ಷಗಟ್ಟಲೆ ಕೋರ್ಟು ಕಚೇರಿ ಅಲೆದು, ಸ್ಮಾರಕ ಕಟ್ಟುವ ಸಲುವಾಗಿ 2023ರ ಡಿಸೆಂಬರ್‌ನಲ್ಲಿ ನೆಲಸಮವಾಯಿತು. ಮುಕ್ತಾ ಬರೆದದ್ದು ಇಂದಿಗೂ ಓದಲು ಸಿಗುತ್ತದೆ.

ಪೀಠಿಕೆಯನ್ನು ಕಡ್ಡಾಯವಾಗಿ ಓದಿಸುವುದರಲ್ಲಿ ಇನ್ನೊಂದು ಅಪಾಯವೂ ಉಂಟು. ಓದದ ಮಗುವನ್ನು ಏನು ಮಾಡುವುದು? ಇದಕ್ಕೆ ಸುಪ್ರೀಂ ಕೋರ್ಟ್ ಬಹಳ ಹಿಂದೆಯೇ ಉತ್ತರ ಕೊಟ್ಟಿದೆ. 1985ರಲ್ಲಿ ಕೇರಳದ ಒಂದು ಶಾಲೆಯಿಂದ ಬಿಜೋ, ಬಿನು ಮೋಳ್, ಬಿಂದು ಎಂಬ ಮೂವರು ಒಡಹುಟ್ಟಿದವರನ್ನು ಹೊರಹಾಕಿದರು. ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಥಕ್ಕೆ ಸೇರಿದ ಅವರು ರಾಷ್ಟ್ರಗೀತೆ ಹಾಡುವಾಗ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ, ಅಷ್ಟೆ. 1986ರ ಆಗಸ್ಟ್ 11ರಂದು ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿ ಮಕ್ಕಳನ್ನು ಮತ್ತೆ ಸೇರಿಸಿಕೊಳ್ಳಬೇಕೆಂದು ತೀರ್ಪು ಕೊಟ್ಟರು. ಸಹನೆ ಈ ದೇಶದ ಪರಂಪರೆಯಲ್ಲೂ ಸಂವಿಧಾನದಲ್ಲೂ ಇದೆ, ಅದನ್ನು ತೆಳುಗೊಳಿಸಬಾರದು ಎಂಬುದು ಅವರ ಮಾತಿನ ತಿರುಳು. ಪೀಠಿಕೆಯ ಹೆಸರಿನಲ್ಲಿ ಮಗುವೊಂದನ್ನು ಅಂಗಳದಲ್ಲಿ ಬಿಸಿಲಿಗೆ ನಿಲ್ಲಿಸಿದ ದಿನ, ಅದರಲ್ಲಿರುವ ವಿಚಾರ ಸ್ವಾತಂತ್ರ್ಯದ ಮಾತನ್ನು ಆ ಶಾಲೆಯೇ ಮುರಿದಂತೆ. ಶಿಕ್ಷೆಯ ಬೆದರಿಕೆಯಿಲ್ಲದೆ ಓದಿಸುವ ಕೌಶಲ ಒಳ್ಳೆಯ ಮೇಷ್ಟ್ರುಗಳಿಗೆ ಗೊತ್ತಿದೆ. ಸುತ್ತೋಲೆ ಬರೆಯುವವರೂ ಅದನ್ನು ಅವರಿಂದ ಕಲಿಯಬೇಕು.

ಈಗ ಮತ್ತೆ ಜತ್ತ, ಅಕ್ಕಲಕೋಟೆಯ ಕನ್ನಡ ಶಾಲೆಗಳಿಗೆ ಬರೋಣ. ಪುಣೆಯಿಂದ ಹೋದ ಪುಸ್ತಕದಲ್ಲಿ ಪೀಠಿಕೆ ಕನ್ನಡದಲ್ಲಿದೆ. ಇದು ಸಣ್ಣ ಸಂಗತಿಯಲ್ಲ. ಮಹಾರಾಷ್ಟ್ರ ಸರ್ಕಾರ ಈ ಕೆಲಸವನ್ನು ಶ್ರದ್ಧೆಯಿಂದ ಮಾಡಿಕೊಂಡು ಬಂದಿದೆ, ಅದಕ್ಕೆ ಮೆಚ್ಚುಗೆ ಸಲ್ಲಬೇಕು. ಪುಣೆ ನಗರದಲ್ಲೇ, ಎರಂಡವಣೆಯಲ್ಲಿ, ಕನ್ನಡ ಸಂಘ ಡಾ. ಕಲ್ಮಾಡಿ ಶಾಮರಾವ್ ಅವರ ಹೆಸರಿನಲ್ಲಿ ಕನ್ನಡ ಶಾಲೆ ನಡೆಸುತ್ತಿದೆ. ಹೊಟ್ಟೆಪಾಡಿಗೆ ಉತ್ತರ ಕರ್ನಾಟಕದಿಂದ ಬಂದ ಮನೆಗಳ ಮಕ್ಕಳಿಗೆ ಇಂಥ ಶಾಲೆಯ ಬೆಲೆ ಏನೆಂಬುದು ಆ ಮನೆಯವರಿಗೇ ಗೊತ್ತು. ಆದರೆ ಪುಸ್ತಕ ಕನ್ನಡದಲ್ಲಿದ್ದು, ಅದನ್ನು ಕಲಿಸಬೇಕಾದವರಿಗೆ ಕನ್ನಡ ಬಾರದಿದ್ದರೆ? ಗಡಿಯ ಕನ್ನಡ ಶಾಲೆಗಳಿಗೆ ಕನ್ನಡ ಬಾರದ ಶಿಕ್ಷಕರನ್ನು ಹಾಕುತ್ತಾರೆ ಎಂಬ ದೂರು ಜತ್ತದ ಕಡೆಯಿಂದ ಕೇಳಿಬಂದಿದೆ. ಕಾಸರಗೋಡಿನಲ್ಲಂತೂ ಅದು ವರ್ಷ ವರ್ಷದ ಗೋಳು. ಅಲ್ಲಿನ ಪೋಷಕರು ಶಾಲೆಯ ಮುಂದೆ ಧರಣಿ ಕೂತಿದ್ದಾರೆ, ಹೈಕೋರ್ಟಿನ ಮೆಟ್ಟಿಲನ್ನೂ ಹತ್ತಿದ್ದಾರೆ. ಬೆಳಗಾವಿ, ನಿಪ್ಪಾಣಿಯ ಮರಾಠಿ ಶಾಲೆಗಳ ಪೋಷಕರಿಗೆ ಕರ್ನಾಟಕ ಸರ್ಕಾರದ ಮೇಲೆ ಅವರದೇ ಆದ ದೂರುಗಳಿವೆ. ಅವನ್ನೂ ಅಷ್ಟೇ ಗಂಭೀರವಾಗಿ ಕೇಳಬೇಕು. ಕನ್ನಡದ ಮಗುವಿಗೆ ಒಂದು ನ್ಯಾಯ, ಮರಾಠಿಯ ಮಗುವಿಗೆ ಇನ್ನೊಂದು ನ್ಯಾಯ ಎಂದು ಯಾವ ಪೀಠಿಕೆಯೂ ಹೇಳುವುದಿಲ್ಲ.

ಇದಕ್ಕಾಗಿಯೇ ಸಂವಿಧಾನದಲ್ಲಿ 350-ಎ ವಿಧಿ ಇದೆ. ರಾಜ್ಯಗಳ ಪುನರ್ವಿಂಗಡಣೆಯ ಬೆನ್ನಿಗೆ, 1956ರ ಏಳನೆಯ ತಿದ್ದುಪಡಿಯಲ್ಲಿ ಬಂದದ್ದು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯಲು ಸಾಕಷ್ಟು ಸೌಲಭ್ಯ ಒದಗಿಸಲು ಪ್ರತಿ ರಾಜ್ಯವೂ, ಪ್ರತಿ ಸ್ಥಳೀಯ ಸಂಸ್ಥೆಯೂ ಪ್ರಯತ್ನಿಸಬೇಕು ಎಂದು ಅದು ಹೇಳುತ್ತದೆ. ಗಡಿ ಗೀಟು ಎಳೆದ ಕೈಯೇ ಗೀಟಿನ ಆಚೆ ಉಳಿದ ಮಕ್ಕಳಿಗೆ ಕೊಟ್ಟ ಮಾತು ಇದು. 2025ರಲ್ಲಿ ಒಂದನೆಯ ತರಗತಿಯಿಂದ ಹಿಂದಿ ಕಲಿಸುವ ಆದೇಶದ ವಿರುದ್ಧ ಮಹಾರಾಷ್ಟ್ರದ ಜನ ಎದ್ದು ನಿಂತರು. ಜೂನ್ 29ರಂದು ಫಡಣವೀಸ್ ಸರ್ಕಾರ ಆದೇಶಗಳನ್ನು ಹಿಂತೆಗೆದುಕೊಂಡಿತು. ಎಳೆಯ ಮಗುವಿನ ಕಲಿಕೆಯಲ್ಲಿ ಮನೆಮಾತಿನ ಜಾಗ ಏನು ಎಂಬುದನ್ನು ಮರಾಠಿಗರಿಗೆ ಯಾರೂ ವಿವರಿಸಬೇಕಾಗಿಲ್ಲ. ಆ ತಿಳಿವಳಿಕೆ ಜತ್ತದ ಕನ್ನಡ ಶಾಲೆಯ ನೇಮಕಾತಿ ಪಟ್ಟಿಯಲ್ಲೂ ಕಾಣಬೇಕು.

ಹಾಗಾದರೆ ಪೀಠಿಕೆಯನ್ನು ಎಲ್ಲಿ ತೂ‌ಗುಹಾಕಬೇಕು? ಶಾಲೆಯ ಅಂಗಳದಲ್ಲಿ ಇರಲಿ, ಆದರೆ ಮಕ್ಕಳ ಕಣ್ಣಿನ ಎತ್ತರದಲ್ಲಿ, ಅವರಿಗೆ ಬರುವ ಭಾಷೆಯಲ್ಲಿ, ಓದಲು ಆಗುವಷ್ಟು ದೊಡ್ಡ ಅಕ್ಷರದಲ್ಲಿ ಇರಲಿ. ಅದಕ್ಕಿಂತ ಮೊದಲು ಮುಖ್ಯೋಪಾಧ್ಯಾಯರ ಮೇಜಿನ ಎದುರಿನ ಗೋಡೆಯಲ್ಲಿ, ಶಿಕ್ಷಕರ ಕೋಣೆಯಲ್ಲಿ, ಕ್ಷೇತ್ರ ಶಿಕ್ಷಣಾಧಿಕಾರಿಯ ಕಚೇರಿಯಲ್ಲಿ, ಜಿಲ್ಲಾ ಪರಿಷತ್ತಿನ ಶಿಕ್ಷಣ ವಿಭಾಗದಲ್ಲಿ ಇರಬೇಕು. ಸಾಹೇಬರ ಬೆನ್ನ ಹಿಂದೆ, ಬಂದವರಿಗೆ ಕಾಣುವಂತೆ ತೂಗುಹಾಕುವುದು ಎಲ್ಲ ಕಚೇರಿಗಳ ರೂಢಿ. ಸಾಹೇಬರಿಗೇ ಕಾಣುವಂತೆ ಎದುರಿನ ಗೋಡೆಗೆ ಹಾಕಬೇಕು. ವರ್ಗಾವಣೆಯ ಕಡತಕ್ಕೆ, ನೇಮಕಾತಿಯ ಪಟ್ಟಿಗೆ, ಶೌಚಾಲಯದ ಅನುದಾನಕ್ಕೆ ಸಹಿ ಬೀಳುವುದು ಆ ಮೇಜಿನ ಮೇಲೆ.

ಅದರ ಪಕ್ಕದಲ್ಲಿ ಇನ್ನೊಂದು ಹಾಳೆ ಬೇಕು. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಶಾಲೆಗೆ ಏನೇನು ಇರಬೇಕೆಂದು ಸ್ಪಷ್ಟವಾಗಿ ಹೇಳಿದೆ. ಅರವತ್ತು ಮಕ್ಕಳವರೆಗಿನ ಕಿರಿಯ ಶಾಲೆಗೆ ಇಬ್ಬರು ಶಿಕ್ಷಕರು. ಹುಡುಗ, ಹುಡುಗಿಯರಿಗೆ ಬೇರೆ ಬೇರೆ ಶೌಚಾಲಯ. ಕುಡಿಯುವ ನೀರು, ಆಟದ ಮೈದಾನ, ಗ್ರಂಥಾಲಯ, ಕಾಂಪೌಂಡ್. ಸಮಾನತೆ ಎಂಬ ಶಬ್ದ ನಾಲ್ಕನೆಯ ತರಗತಿಯ ಮಗುವಿಗೆ ಅರ್ಥವಾಗುವುದು ಇಂಥ ಪಟ್ಟಿಯಿಂದಲೇ. ನಮ್ಮ ಶಾಲೆಯಲ್ಲಿ ಇವುಗಳಲ್ಲಿ ಯಾವುದಿದೆ, ಯಾವುದಿಲ್ಲ ಎಂದು ಮಕ್ಕಳೇ ಗುರುತು ಹಾಕಿ, ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಓದಿ ಹೇಳಿದರೆ, ಅದು ಪೀಠಿಕೆಯ ಅತಿ ಒಳ್ಳೆಯ ಪಾಠವಾದೀತು.

ಇಷ್ಟಕ್ಕೆಲ್ಲ ಮಕ್ಕಳಿಗೆ ಬರೀ ಹಕ್ಕು ಕಲಿಸಿದರೆ ಅವರು ಹೊಣೆಗೇಡಿಗಳಾಗುತ್ತಾರೆ ಎಂಬ ಆಕ್ಷೇಪ ಬಂದೇ ಬರುತ್ತದೆ. ಹಿರಿಯ ಶಿಕ್ಷಕರಲ್ಲಿ ಅನೇಕರು ಪ್ರಾಮಾಣಿಕವಾಗಿ ಹೀಗೆ ನಂಬುತ್ತಾರೆ. ಅವರಿಗೆ ಕೊಡಬಹುದಾದ ಉತ್ತರ ಸರ್ಕಾರಿ ಶಾಲೆಯ ದಿನಚರಿಯಲ್ಲೇ ಇದೆ. ಬೆಳಗ್ಗೆ ಕಸ ಗುಡಿಸುವುದು, ನೀರು ತರುವುದು, ಬಿಸಿಯೂಟದ ತಟ್ಟೆ ತೊಳೆಯುವುದು, ತಮ್ಮ ತಂಗಿಯರನ್ನು ಕೈಹಿಡಿದು ಕರೆತರುವುದು, ಇವನ್ನೆಲ್ಲ ಮಕ್ಕಳು ಯಾವ ವಿಧಿಯನ್ನೂ ಓದದೆ ಮಾಡಿಕೊಂಡು ಬಂದಿದ್ದಾರೆ. ಬಡವರ ಮಕ್ಕಳಿಗೆ ಕರ್ತವ್ಯದ ಪಾಠ ಕಡಿಮೆಯಾದ ಉದಾಹರಣೆ ಈ ದೇಶದಲ್ಲಿ ಇಲ್ಲ.

ಬಾಲಭಾರತಿಗೆ ಪ್ರತಿ ವರ್ಷ ಮರುಮುದ್ರಣದ ಕೆಲಸ ಇದ್ದೇ ಇರುತ್ತದೆ. ರಟ್ಟಿನ ಒಳಬದಿಯ ಕರ್ತವ್ಯಗಳನ್ನು ಕಿತ್ತುಹಾಕಬೇಕಾಗಿಲ್ಲ. ಹಿಂಬದಿಯ ರಟ್ಟಿನ ಒಳಗೆ 21-ಎ ವಿಧಿಯನ್ನೂ, ಕನ್ನಡ, ಉರ್ದು, ಗುಜರಾತಿ, ತೆಲುಗು, ಸಿಂಧಿ ಮಾಧ್ಯಮದ ಪುಸ್ತಕಗಳಲ್ಲಿ ಅದರ ಜೊತೆಗೆ 350-ಎ ವಿಧಿಯನ್ನೂ ಅಚ್ಚು ಹಾಕಬಹುದು. ಬೆಂಗಳೂರಿನ ಕರ್ನಾಟಕ ಪಠ್ಯಪುಸ್ತಕ ಸಂಘವೂ ತನ್ನ ಮರಾಠಿ, ಉರ್ದು, ತಮಿಳು, ತೆಲುಗು ಪುಸ್ತಕಗಳಲ್ಲಿ ಇದನ್ನೇ ಮಾಡಬಹುದು. ಇದಕ್ಕೆ ಮಾನವ ಸರಪಳಿ ಬೇಡ, ಹೊಸ ಕಾನೂನು ಬೇಡ, ಸದನದಲ್ಲಿ ಜಗಳವೂ ಬೇಡ. ಒಂದು ಸಮಿತಿಯ ಒಂದು ಸಭೆ, ಡಿಟಿಪಿ ಮಾಡುವವರ ಅರ್ಧ ದಿನದ ಕೆಲಸ ಸಾಕು. ಜೂನ್‌ನಲ್ಲಿ ಶಾಲೆ ತೆರೆಯುವ ಹೊತ್ತಿಗೆ ಪುಸ್ತಕ ಜತ್ತ ತಲುಪಬೇಕಾದರೆ ನಿರ್ಧಾರ ಈ ಚಳಿಗಾಲದೊಳಗೆ ಆಗಬೇಕು.